ಟಿ.ಬಿ. ವಾಸಿಯಾದ ಪೈಲ್ವಾನ್ ಹುಡುಗರಿಗೆ ಕುಸ್ತಿ ಹೇಳಿಕೊಡಬಹುದಾ?

ಗಂಜಾಂ ಗರಡಿ:
ನಮ್ಮ ಗರಡಿಯ ಪೈಲ್ವಾನ್ ಒಬ್ಬರಿಗೆ ಶ್ವಾಸಕೋಶದ ಟಿ.ಬಿ. ಆಗಿತ್ತು. ವಯಸ್ಸು 34. ಆರು ತಿಂಗಳ ಮಾತ್ರೆ ಹೋದ ವಾರ ಮುಗೀತು, ಕಫ ಪರೀಕ್ಷೆ ನೆಗೆಟಿವ್. 82 ಕೆಜಿ ಇದ್ದವರು ಈಗ 64. ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಳ್ಳೋ (ಎದುರಾಳಿ ಗೊತ್ತು ಮಾಡಿಸಿಕೊಳ್ಳೋ) ಆಸೆ ಬಿಟ್ಟು, ಹನ್ನೆರಡು ಹುಡುಗರಿಗೆ ಉಸ್ತಾದ್ ಆಗ್ತೀನಿ ಅಂತಾರೆ. ಹುಡುಗರ ಮನೆಯವರು ಹಿಂದೆಮುಂದೆ ನೋಡ್ತಿದ್ದಾರೆ. ಸಾಮು (ಗರಡಿ ಕಸರತ್ತು) ಎಲ್ಲಿಂದ ಶುರು ಮಾಡಬೇಕು, ಜೋರು (ಅಭ್ಯಾಸದ ಹಿಡಿದಾಟ) ಯಾವಾಗ?

ಎದೆಗೂಡು:
ಮನೆಯವರ ಭಯಕ್ಕೆ ಮೊದಲು ಉತ್ತರ: ಕೋರ್ಸ್ ಪೂರ್ತಿ ಮುಗಿಸಿ ಕಫ ನೆಗೆಟಿವ್ ಬಂದವರಿಂದ ಟಿ.ಬಿ. ಹರಡಲ್ಲ. ನೋಡಬೇಕಾದ್ದು ಹಿಂದಿನದು. ಕಾಯಿಲೆ ಪತ್ತೆಯಾಗೋ ಮುಂಚೆ ಅವರ ಜೊತೆ ಮುಚ್ಚಿದ ಗರಡಿಯಲ್ಲಿ ದಿನಾ ಹಿಡಿದಾಡಿದವರೆಲ್ಲ ಒಂದ್ಸಲ ತಪಾಸಣೆ ಮಾಡಿಸಿಕೊಳ್ಳಲಿ. ಇದನ್ನ ಎಷ್ಟೋ ಜನ ಮಾಡಿಸಲ್ಲ.

ಮಾತ್ರೆ ಮುಗಿದರೆ ಕ್ರಿಮಿ ಹೋಯ್ತು, ಶ್ವಾಸಕೋಶದ ಕಲೆ ಹೋಗಲ್ಲ. ಅದಕ್ಕೇ ಸಾಮಿಗಿಂತ ಮುಂಚೆ ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಶಕ್ತಿ ಅಳೆಯೋ ಪರೀಕ್ಷೆ), ಆರು ನಿಮಿಷದ ನಡಿಗೆ ಪರೀಕ್ಷೆ ಎರಡೂ ಆಗಲಿ. ನಡೆಯುವಾಗ ಬೆರಳಿನ ಆಕ್ಸಿಮೀಟರಲ್ಲಿ ರಕ್ತದ ಆಮ್ಲಜನಕ 90ಕ್ಕಿಂತ ಕೆಳಗೆ ಬಂದರೆ ಅವತ್ತಿಗೆ ನಿಲ್ಲಿಸಿ, ಡಾಕ್ಟರ್ ಹತ್ರ ಹೋಗಿ. ಕಫದಲ್ಲಿ ರಕ್ತ ಕಂಡರೆ, ಇಲ್ಲಾ ಒಂದೇ ಪಕ್ಕ ದಿಢೀರ್ ನೋವು ಬಂದು ಉಸಿರು ಕಟ್ಟಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಏನೂ ತೊಂದರೆ ಇಲ್ಲದಿದ್ದರೂ ಎರಡು ವರ್ಷ ಆರಾರು ತಿಂಗಳಿಗೆ ತೋರಿಸಿಕೊಳ್ಳಬೇಕು.

ತೂಕಕ್ಕೆ: ದಿನಕ್ಕೆ ಕೆಜಿಗೆ 1.5 ಗ್ರಾಂ ಪ್ರೋಟೀನ್, ಅಂದ್ರೆ ಸುಮಾರು 96 ಗ್ರಾಂ. ನಾಲ್ಕು ಮೊಟ್ಟೆ, ಒಂದು ಲೀಟರ್ ಹಾಲಿನಲ್ಲಿ 55 ಗ್ರಾಂ ಆಸುಪಾಸು ಸಿಗುತ್ತೆ. ಉಳಿದದ್ದು ಹುರುಳಿ, ಕಡಲೆ, ಮಾಂಸದಿಂದ ಬರಲಿ. ಬರೀ ಬಾದಾಮಿ-ತುಪ್ಪ ಹಾಕಿದರೆ ಹೊಟ್ಟೆ ಬರುತ್ತೆ, ತೊಡೆ ಬರಲ್ಲ.

ಕರೇಲ:
ಮೊದಲ ನಾಲ್ಕು ವಾರ ಬರೀ ನಡಿಗೆ. ಆಮೇಲೆ ಬಸ್ಕಿ 10ರಂತೆ ಮೂರು ಸುತ್ತು, ದಂಡೆ (ಪುಶ್ಅಪ್ ತರಹದ್ದು) 5ರಂತೆ. ನಡುವೆ ಒಂದು ಪೂರ್ತಿ ಮಾತು ತಡೆಯದೆ ಆಡೋಕಾದರೆ ಮುಂದಿನ ವಾರ ಎರಡೆರಡು ಏರಿಸಿ, ಆಗದಿದ್ದರೆ ಅಲ್ಲೇ ಇರಿ. ಹಳೇ ಪೈಲ್ವಾನರು ಕೆಡೋದು ಇಲ್ಲೇ: ಮೈಗೆ ಹಳೇ ಲೆಕ್ಕ ನೆನಪಿರುತ್ತೆ, ಉಸಿರಿಗೆ ಇರಲ್ಲ. ಉಸಿರು ಬಿಗಿಹಿಡಿದು ಎತ್ತೋ ಪಟ್ಟು ಯಾವುದೂ ಈಗ ಬೇಡ. ಜೋರು ಡಾಕ್ಟರ್ ಒಪ್ಪಿದ ಮೇಲೆ ಮಾತ್ರ, ಅದೂ ತಮಗಿಂತ ಹಗುರದವರ ಜೊತೆ.

ಗಂಜಾಂ ಗರಡಿ:
ಬೆಳಗ್ಗೆ ತಾವೇ ಮಟ್ಟಿ (ಕುಸ್ತಿ ಆಡೋ ಮಣ್ಣಿನ ಅಂಕಣ) ಅಗೀತೀನಿ ಅಂತಾರೆ. ಪರವಾಗಿಲ್ವಾ ಅಣ್ಣ?

ಕರೇಲ:
ಖಂಡಿತ ಬೇಡ. ಒಣ ಮಟ್ಟಿ ಅಗೆದರೆ ನುಣುಪು ದೂಳು ಮೊಣಕಾಲೆತ್ತರ ಏಳುತ್ತೆ, ಕಲೆ ಬಿದ್ದ ಶ್ವಾಸಕೋಶಕ್ಕೆ ಅದೇ ಶತ್ರು. ಹಿಂದಿನ ರಾತ್ರಿ ನೀರು ಚಿಮುಕಿಸಿ, ಬೆಳಗ್ಗೆ ಹುಡುಗರು ಅಗೀಲಿ. ಮಣ್ಣು ಹಿಡಿ ಮಾಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಒಡೀಬೇಕು. ಅಂಟಿದರೆ ನೀರು ಜಾಸ್ತಿ, ಕಾಲು ಜಾರುತ್ತೆ. ಗರಡಿ ಬಾಗಿಲು ತಗ್ಗು, ಕಿಟಕಿ ಸಣ್ಣದು ಅನ್ನೋದು ಗೊತ್ತು. ಸಾಮು ಮುಗಿಯೋವರೆಗೂ ಎರಡೂ ತೆರೆದಿರಲಿ.

ಕೂಗಿ ಹೇಳಿಕೊಡೋದೂ ಬೇಡ. ಚಪ್ಪಾಳೆ ಸಾಕು, ಸೀಟಿಗೆ ಉಸಿರು ಬೇಕಾಗುತ್ತೆ. ಮಟ್ಟಿ ಅಂಚಿನ ಕಟ್ಟೆ ಮೇಲೆ ಕೂತರೆ ಕಣ್ಣು ಹುಡುಗರ ಸೊಂಟದ ಮಟ್ಟಕ್ಕೆ ಬರುತ್ತೆ. ಪಟ್ಟು ಹಾಕೋ ಮುಂಚೆ ಭಾರ ಯಾವ ಕಾಲಿಗೆ ಹೋಯ್ತು ಅನ್ನೋದು ನಿಂತವರಿಗಿಂತ ಕೂತವರಿಗೇ ಚೆನ್ನಾಗಿ ಕಾಣೋದು.

ಮ್ಯಾಟ್ ಮೇಲೆ:
ನಾಡಕುಸ್ತಿ ಬಲ್ಲವರು ಪಾಯಿಂಟ್ ಕುಸ್ತಿಯನ್ನ ಬೇರೆಯಾಗಿಯೇ ಕಲೀಬೇಕು. ಮಟ್ಟಿಯಲ್ಲಿ ಚಿತ್ ಮಾಡೋವರೆಗೂ (ಬೆನ್ನು ನೆಲಕ್ಕೆ ತಾಗಿಸೋವರೆಗೂ) ಕಾಯ್ತಾರೆ. ಮ್ಯಾಟಲ್ಲಿ ಎದುರಾಳಿಯನ್ನ ಕೆಳಗೆ ಹಾಕಿ ಹಿಡಿತಕ್ಕೆ ತಂದರೆ 2 ಪಾಯಿಂಟ್, ವೃತ್ತದಿಂದ ಹೊರಗೆ ತಳ್ಳಿದರೆ 1. ಫ್ರೀಸ್ಟೈಲಲ್ಲಿ 10 ಪಾಯಿಂಟ್ ಅಂತರ ಬಂದರೆ ಅಲ್ಲೇ ಮುಗೀತು. ದೊಡ್ಡವರಿಗೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ನಿಧಾನ ಕುಸ್ತಿ ಕಲಿತ ಹುಡುಗ ಇಲ್ಲಿ ಗಡಿಯಾರಕ್ಕೇ ಸೋಲ್ತಾನೆ.

ಸರ್ಕಾರಿ ಕೋಚ್ ಕೆಲಸದ ಯೋಚನೆ ಇದ್ದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಅಂದ್ರೆ ಎನ್‌ಐಎಸ್‌ನ ಡಿಪ್ಲೊಮಾ ನೋಡಲಿ. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅಲ್ಲಿ ಮೈದಾನದ ಕೆಲಸವೂ ಇರುತ್ತೆ, ಹಾಗಾಗಿ ಈ ವರ್ಷ ಅರ್ಜಿ ಹಾಕೋದು ಬೇಡ. ಹಳೇ ಕುಸ್ತಿ ಸರ್ಟಿಫಿಕೇಟ್‌ಗಳನ್ನ ಈಗಲೇ ಹುಡುಕಿ ಒಂದು ಫೈಲಲ್ಲಿ ಹಾಕಿಡಿ.