ಎರಡಡಿ ಟ್ಯಾಂಕಲ್ಲಿ ಯಾವ್ಯಾವ ಮೀನು ಒಟ್ಟಿಗೆ ಬಿಡ್ಬಹುದು ಸರ್?

ಪ್ರಶ್ನೆ:
ನಮಸ್ಕಾರ ಸರ್. ಹೊಸದಾಗಿ ಟ್ಯಾಂಕ್ ಇಟ್ಟಿದೀನಿ, ಉದ್ದ 60 ಸೆಂ.ಮೀ., ಅಗಲ ಎತ್ತರ ಎರಡೂ 30. ಸ್ಪಾಂಜ್ ಫಿಲ್ಟರ್ ಇದೆ, ಹೀಟರ್ ಇದೆ, ಕೆಳಗೆ ಮರಳು ಹಾಕಿ ಒಂದಿಷ್ಟು ಗಿಡ ನೆಟ್ಟಿದೀನಿ. ಮೀನು ಇನ್ನೂ ಬಿಟ್ಟಿಲ್ಲ, ನೀರು ತುಂಬ್ಸಿ ಫಿಲ್ಟರ್ ಓಡಿಸ್ತಾ ತಿಂಗಳ ಮೇಲಾಯ್ತು. ಟೆಸ್ಟ್ ಕಿಟ್‌ನಲ್ಲಿ ಪಿಎಚ್ 7.8, ಗಡಸುತನ ಅಂದ್ರೆ ಜಿಎಚ್ 14 ತೋರಿಸ್ತಿದೆ. ಮನೇಲಿ ಎಲ್ರೂ ಕೂತು ಲಿಸ್ಟ್ ಮಾಡಿದೀವಿ: ಗಪ್ಪಿ, ನಿಯಾನ್ ಟೆಟ್ರಾ, ಏಂಜಲ್, ಟೈಗರ್ ಬಾರ್ಬ್, ಗೋಲ್ಡ್ ಫಿಶ್, ಕ್ಲೀನ್ ಮಾಡೋಕೆ ಒಂದು ಸಕ್ಕರ್. ಸಕ್ಕರ್ ಬಿಟ್ಟು ಮಿಕ್ಕಿದ್ದೆಲ್ಲಾ ಒಂದೊಂದು ಜೊತೆ. ಹೊಂದ್ಕೊಂಡು ಇರ್ತವಾ?

ಉತ್ತರ:
ಮೀನು ತರೋಕೆ ಮುಂಚೆ ಕೇಳಿದ್ರಲ್ಲ, ಅದೇ ಖುಷಿ. ಸಾಮಾನ್ಯವಾಗಿ ಎರಡು ಸತ್ತ ಮೇಲೆ ಕೇಳ್ತಾರೆ.

ಲಿಸ್ಟಿಗೆ ಹೋಗೋ ಮುಂಚೆ ಒಂದು ವಿಷ್ಯ ಹೇಳಿ. ತಿಂಗಳು ಓಡ್ಸಿದೀರ ಸರಿ, ಆದ್ರೆ ನೀರಿಗೆ ಏನಾದ್ರೂ ಹಾಕ್ತಿದ್ರಾ? ಬರೀ ನೀರು ಸುತ್ತಾಡ್ತಿದ್ರೆ ಫಿಲ್ಟರಲ್ಲಿ ಬ್ಯಾಕ್ಟೀರಿಯಾ ಬೆಳಿಯಲ್ಲ, ಅದಕ್ಕೆ ತಿನ್ನೋಕೆ ಅಮೋನಿಯಾ ಬೇಕು, ಅಂದ್ರೆ ಮೀನಿನ ಗಲೀಜು, ಕೊಳೆತ ಊಟದಿಂದ ಬರೋ ವಿಷ. ಬ್ಯಾಕ್ಟೀರಿಯಾ ಅದನ್ನ ಮೊದ್ಲು ನೈಟ್ರೈಟ್, ಆಮೇಲೆ ಅಷ್ಟು ವಿಷ ಅಲ್ಲದ ನೈಟ್ರೇಟ್ ಮಾಡುತ್ತೆ. ಮೊದ್ಲು ಅಮೋನಿಯಾ ಏರಿ ಇಳೀಬೇಕು, ಆಮೇಲೆ ನೈಟ್ರೈಟ್ ಏರಿ ಇಳೀಬೇಕು, ಕೊನೆಗೆ ನೈಟ್ರೇಟ್ ಕಾಣಿಸ್ಕೋಬೇಕು. ಇದಾಗಿಲ್ಲ ಅಂದ್ರೆ ವರ್ಷ ಓಡ್ಸಿದ್ರೂ ಅದು ಹೊಸ ಟ್ಯಾಂಕೇ.

ಪ್ರಶ್ನೆ ಕೇಳಿದವರು:
ದಿನಾ ಚಿಟಿಕೆ ಫಿಶ್ ಫುಡ್ ಉದುರಿಸ್ತಿದ್ದೆ ಸರ್, ನೀವು ಹೇಳ್ದಂಗೇ ಮೊದ್ಲು ಅಮೋನಿಯಾ ಬಂತು, ಆಮೇಲೆ ನೈಟ್ರೈಟ್ ಬಂತು. ಈಗ ಎರಡೂ ಸೊನ್ನೆ, ನೈಟ್ರೇಟ್ 20.

ಉತ್ತರ:
ಹಾಗಾದ್ರೆ ಟ್ಯಾಂಕ್ ರೆಡಿ. ಈಗ ಲಿಸ್ಟ್ ನೋಡೋಣ.

ಅಂಗಡೀಲಿ ನೀವು ನೋಡೋ ಮೀನುಗಳಲ್ಲಿ ಬಹುತೇಕ ಮರಿಗಳು, ಇದನ್ನ ಮೊದ್ಲು ತಲೇಲಿ ಇಟ್ಕೊಳ್ಳಿ. ಬೆರಳುದ್ದ ಇರೋ ಸಕ್ಕರ್, ಅಂದ್ರೆ ಕಾಮನ್ ಪ್ಲೆಕೋ, ಬೆಳೆದ್ರೆ 30 ಸೆಂ.ಮೀ. ದಾಟುತ್ತೆ. ನಿಮ್ಮ ಟ್ಯಾಂಕಿನ ಅಗಲವೇ 30, ಅದು ತಿರುಗೋದಾದ್ರೂ ಹೇಗೆ? ಸಾಲದ್ದಕ್ಕೆ ಅದು ಕ್ಲೀನ್ ಮಾಡೋದಕ್ಕಿಂತ ಹೇಲೋದೇ ಜಾಸ್ತಿ, ತಪ್ಪು ತಿಳ್ಕೋಬೇಡಿ, ಇರೋದನ್ನೇ ಹೇಳ್ತಿದೀನಿ. ಏಂಜಲ್ ಕೂಡ ಹಾಗೇ, ನಾಣ್ಯದಷ್ಟಗಲ ಇರುವಾಗ ಮುದ್ದಾಗಿರುತ್ತೆ, ದೊಡ್ಡದಾದ್ಮೇಲೆ ಮೇಲಿನ ರೆಕ್ಕೆ ತುದಿಯಿಂದ ಕೆಳಗಿನ ರೆಕ್ಕೆ ತುದಿಗೆ 20 ಸೆಂ.ಮೀ. ಹತ್ರ ಬರುತ್ತೆ, ನಿಮ್ಮಲ್ಲಿ ಮರಳು ಕಳೆದ್ರೆ ನೀರಿನ ಎತ್ತರ ಇರೋದೇ 25. ಅದ್ರ ಬಾಯಿಗೆ ನಿಯಾನ್ ಸರಿಯಾಗಿ ಹಿಡಿಸುತ್ತೆ. ಬಾಯಿಗೆ ಹಿಡಿಸಿದ್ದನ್ನ ಮೀನು ತಿನ್ನುತ್ತೆ, ಇದರಲ್ಲಿ ಸಾಧು ಸ್ವಭಾವ, ಜಗಳಗಂಟ ಸ್ವಭಾವ ಅಂತ ಏನೂ ಇಲ್ಲ.

ಗೋಲ್ಡ್ ಫಿಶ್ ತಣ್ಣೀರಿನ ಮೀನು, 18ರಿಂದ 22 ಡಿಗ್ರಿ ಸಾಕು ಅದಕ್ಕೆ, ಗಪ್ಪಿಗೆ 24–26 ಇದ್ರೆ ಚೆನ್ನ. ಗಲೀಜೂ ಸಿಕ್ಕಾಪಟ್ಟೆ ಮಾಡುತ್ತೆ, ಗಿಡ ಕಿತ್ತು ಹಾಕುತ್ತೆ, ಬೆಳೆದ್ರೆ ಈ ಟ್ಯಾಂಕ್ ಸಾಕಾಗಲ್ಲ. ಅದು ಬೇಕೇ ಬೇಕು ಅಂದ್ರೆ ದೊಡ್ಡ ಟ್ಯಾಂಕು, ಬರೀ ಗೋಲ್ಡ್ ಫಿಶ್ಶಿಗೇ. ಟೈಗರ್ ಬಾರ್ಬ್‌ಗೆ ಉದ್ದ ಬಾಲ ಕಂಡ್ರೆ ಕಚ್ಚೋ ಚಾಳಿ, ಎರಡೇ ಎರಡು ಬಿಟ್ರೆ ಇನ್ನೂ ಜಾಸ್ತಿ, ಎಂಟು ಹತ್ತು ಇದ್ರೆ ತಮ್ಮತಮ್ಮಲ್ಲೇ ಕಿತ್ತಾಡ್ಕೊಂಡು ಇರ್ತವೆ. ಗಪ್ಪಿ ಜೊತೆಗಂತೂ ಬೇಡವೇ ಬೇಡ.

ಇನ್ನು ಈ ‘ಒಂದೊಂದು ಜೊತೆ’ ಅನ್ನೋ ಲೆಕ್ಕ. ಎಲ್ರೂ ಹೀಗೇ ತಗೊಳ್ತಾರೆ, ನಂಗೆ ಇದ್ರ ಮೇಲೇ ತಕರಾರು. ನಿಯಾನ್, ರಾಸ್ಬೋರಾ, ಕೋರಿಡೋರಾಸ್ ಇವೆಲ್ಲ ಗುಂಪಲ್ಲಿ ಬದುಕೋ ಮೀನು, ಕನಿಷ್ಠ ಆರು, ಎಂಟು ಹತ್ತು ಇದ್ರೆ ಇನ್ನೂ ಒಳ್ಳೇದು. ಎರಡೇ ಬಿಟ್ರೆ ಗಿಡದ ಹಿಂದೆ ಹೋಗಿ ಸೇರ್ಕೊಳ್ತವೆ, ಬಣ್ಣ ಮಂಕಾಗುತ್ತೆ, ಸರಿಯಾಗಿ ತಿನ್ನಲ್ಲ, ಆಮೇಲೆ ಮೀನು ಡಲ್ ಆಗಿದೆ ಯಾವ ಔಷಧಿ ಹಾಕ್ಲಿ ಅಂತ ಮೆಸೇಜು. ಔಷಧಿ ಏನೂ ಬೇಡ, ಅದೇ ಜಾತಿಯ ಇನ್ನೂ ನಾಲ್ಕು ಬೇಕು ಅಷ್ಟೆ. ಅದಕ್ಕೇ ನಾನು ಹೇಳೋದು, ಚಿಕ್ಕ ಟ್ಯಾಂಕಲ್ಲಿ ಜಾತಿ ಎರಡು, ಹೆಚ್ಚಂದ್ರೆ ಮೂರು, ಒಂದೊಂದು ಜಾತೀಲೂ ಸಂಖ್ಯೆ ಜಾಸ್ತಿ. ನೋಡೋಕೂ ಅದೇ ಚಂದ.

ಉಳಿದಿದ್ದು ಗಪ್ಪಿ, ನಿಯಾನ್. ಜಗಳ ಆಡಲ್ಲ ಇವು, ಆದ್ರೆ ನೀರು ಬೇರೆ. ನಿಯಾನ್ ಅಮೆಜಾನ್ ಕಡೆಯ ಮೆತ್ತನೆ ನೀರಿನ ಮೀನು, ಪಿಎಚ್ 7ರ ಕೆಳಗಿದ್ರೆ ಖುಷಿ. ಗಪ್ಪಿಗೆ ಗಡಸು ನೀರು, ಪಿಎಚ್ 7ರಿಂದ 8. ನಿಮ್ಮ ನಲ್ಲಿ ನೀರು ಗಪ್ಪಿ ಪರ ಇದೆ, ಹಾಗಾಗಿ ಗಪ್ಪಿ ಇಟ್ಕೊಂಡು ನಿಯಾನ್ ಕೈಬಿಡಿ.

ಪ್ರಶ್ನೆ ಕೇಳಿದವರು:
ಅಯ್ಯೋ ನಿಯಾನ್ ಕೈಬಿಡೋಕೆ ಮನಸ್ಸಾಗ್ತಿಲ್ಲ ಸರ್. ಪಿಎಚ್ ಇಳಿಸೋ ಲಿಕ್ವಿಡ್ ಬರುತ್ತಲ್ಲ, ಅದನ್ನ ಹಾಕಿದ್ರೆ?

ಉತ್ತರ:
ಬೇಡ. ಗಡಸು ನೀರಲ್ಲಿ ಸಾಮಾನ್ಯವಾಗಿ ಕಾರ್ಬೊನೇಟ್ ಅಂಶಾನೂ ಜಾಸ್ತಿ ಇರುತ್ತೆ, ಕಿಟ್‌ನಲ್ಲಿ ಕೆಎಚ್ ಅಂತ ಇರುತ್ತೆ ನೋಡಿ, ಅದು ಪಿಎಚ್ ಇಳಿಯೋಕೆ ಬಿಡಲ್ಲ. ಬೆಳಿಗ್ಗೆ ಲಿಕ್ವಿಡ್ ಹಾಕಿ 6.8ಕ್ಕೆ ತಂದ್ರೆ ಆಮೇಲೆ ಮತ್ತೆ ಮೇಲಕ್ಕೆ ಬರುತ್ತೆ, ಮತ್ತೆ ಹಾಕ್ತೀರ, ಮತ್ತೆ ಏರುತ್ತೆ, ಹೀಗೇ ಹಾಕ್ತಾ ಹಾಕ್ತಾ ಕೆಎಚ್ ಪೂರ್ತಿ ಮುಗಿದ ದಿನ ಪಿಎಚ್ ಒಂದೇ ಸಲಕ್ಕೆ ಕುಸಿಯುತ್ತೆ. 7.8ರಲ್ಲಿ ಸ್ಥಿರವಾಗಿರೋ ನೀರು ಈ ಏರಿಳಿತಕ್ಕಿಂತ ಎಷ್ಟೋ ವಾಸಿ. ನಿಯಾನೇ ಬೇಕು ಅಂತ ಹಟ ಇದ್ರೆ ಆರ್‌ಓ ನೀರನ್ನ ನಲ್ಲಿ ನೀರಿಗೆ ಬೆರೆಸಿ ಗಡಸು ಇಳಿಸ್ಬೇಕು, ಪ್ರತಿ ಸಲ ನೀರು ಬದಲಾಯಿಸುವಾಗ್ಲೂ ಅದೇ ಅಳತೇಲಿ ಬೆರೆಸ್ಬೇಕು. ಆಗ ಗಪ್ಪಿ ಕೈಬಿಡ್ಬೇಕಾಗುತ್ತೆ. ಆ ಕೆಲಸಕ್ಕೆ ತಯಾರಿದ್ರೆ ಮಾತ್ರ ಆ ದಾರಿ.

ಇನ್ನೊಬ್ಬ ಸದಸ್ಯರು:
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ ಸರ್, ನಮ್ಮನೇಲಿ ಏಂಜಲ್ ನಿಯಾನ್ ಒಟ್ಟಿಗೇ ಇದಾವೆ, ಇಲ್ಲಿವರೆಗೂ ಏನೂ ಆಗಿಲ್ಲ. ನೀವು ಸುಮ್ನೆ ಹೆದರಿಸ್ತಿದೀರ ಅನ್ಸುತ್ತೆ.

ಉತ್ತರ:
ಏಂಜಲ್ ಎಷ್ಟು ದೊಡ್ಡದಿದೆ ಅನ್ನೋದೇ ಪ್ರಶ್ನೆ. ಮರಿ ಏಂಜಲ್ ಜೊತೆ ಬೆಳೆದ ನಿಯಾನ್ ಕೆಲವು ಸಲ ಉಳ್ಕೊಳ್ತವೆ, ದೊಡ್ಡ ಟ್ಯಾಂಕ್, ದಟ್ಟ ಗಿಡ, ಹೊಟ್ಟೆ ತುಂಬ ಊಟ ಇದ್ರೆ ತುಂಬಾ ದಿನ ನಡೀಬಹುದು. ಆದ್ರೆ ಸತ್ತ ನಿಯಾನ್ ಸಿಗಲ್ಲ, ಎಣಿಸಿದಾಗ ಒಂದು ಕಮ್ಮಿ ಇರುತ್ತೆ ಅಷ್ಟೆ. ಕತ್ತಲಲ್ಲಿ ನಿಯಾನ್ ಮಂಕಾಗಿ ಒಂದೇ ಕಡೆ ನಿಂತಿರ್ತವೆ, ಕೆಲಸ ಆಗೋದು ಆವಾಗ್ಲೇ. ಒಂದ್ಸಲ ಎಣಿಸಿ ನೋಡಿ.

ಅದೇ ಸದಸ್ಯರು:
ಹತ್ತು ತಂದಿದ್ದೆ. ಈಗ ಏಳು ಕಾಣ್ತಿದಾವೆ 😐

ಮತ್ತೊಬ್ಬ ಸದಸ್ಯರು:
ಸರ್, ಒಂದು ಗ್ಯಾಲನ್‌ಗೆ ಒಂದು ಇಂಚು ಮೀನು ಅಂತ ಲೆಕ್ಕ ಇದೆಯಲ್ಲ, ಆ ಲೆಕ್ಕದಲ್ಲಿ ಈ ಟ್ಯಾಂಕಿಗೆ ಎಷ್ಟು ಬರುತ್ತೆ?

ಉತ್ತರ:
ಟ್ಯಾಂಕ್ ಲೆಕ್ಕಕ್ಕೆ 54 ಲೀಟರ್, ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದ್ರೆ ನಿಜವಾದ ನೀರು ಸುಮಾರು 45, ಅಂದ್ರೆ ಹತ್ರತ್ರ 12 ಗ್ಯಾಲನ್. ಆ ಲೆಕ್ಕದಲ್ಲಿ 12 ಇಂಚು ಮೀನು. ಹಾಗಂತ ಹನ್ನೆರಡು ಇಂಚಿನ ಒಂದೇ ಪ್ಲೆಕೋನ ಬಿಡೋಕಾಗುತ್ತಾ? ಮೀನಿನ ಉದ್ದ ಎರಡು ಪಟ್ಟಾದ್ರೆ ತೂಕ ಹೆಚ್ಚುಕಮ್ಮಿ ಎಂಟು ಪಟ್ಟಾಗುತ್ತೆ, ತಿನ್ನೋದು, ಗಲೀಜು ಮಾಡೋದು ಎಲ್ಲಾ ಅದಕ್ಕೆ ತಕ್ಕಂಗೆ ಏರುತ್ತೆ. ಬೆರಳುದ್ದಕ್ಕಿಂತ ಚಿಕ್ಕ, ಸಪೂರ ಮೀನಿಗೆ ಆ ಲೆಕ್ಕ ಒಂದು ಅಂದಾಜು ಅಷ್ಟೆ, ಒಳ್ಳೆ ಫಿಲ್ಟರ್, ಗಿಡ, ವಾರವಾರ ನೀರು ಬದಲಾಯಿಸೋ ಅಭ್ಯಾಸ ಇದ್ರೆ ಮೀರಬಹುದು. ನೈಟ್ರೇಟ್ ಎಷ್ಟು ಬೇಗ ಏರ್ತಿದೆ ಅನ್ನೋದು ಇಂಚಿಗಿಂತ ಸರಿಯಾಗಿ ಹೇಳುತ್ತೆ.

ಇನ್ನೊಬ್ಬ ಸದಸ್ಯರು:
ಗಪ್ಪಿ ಜೊತೆ ಒಂದೇ ಒಂದು ಫೈಟರ್ ಬಿಡ್ಬಹುದಾ? ಗಂಡು ಗಂಡು ಸೇರಿದ್ರೆ ತಾನೇ ಜಗಳ?

ಉತ್ತರ:
ಫೈಟರ್‌ಗೆ ಉದ್ದ ಬಾಲದ ಬಣ್ಣಬಣ್ಣದ ಗಪ್ಪಿ ಕಂಡ್ರೆ ಇನ್ನೊಂದು ಫೈಟರ್ ಬಂತು ಅನ್ಸುತ್ತೆ, ಅಟ್ಟಿಸ್ಕೊಂಡು ಹೋಗುತ್ತೆ. ಅದು ಸುಮ್ನಿದ್ರೆ ಗಪ್ಪಿಗಳೇ ಹೋಗಿ ಫೈಟರ್ ರೆಕ್ಕೆ ಕೀಳೋದೂ ಇದೆ. ಬೇಡ. ಕೆಳಗಡೆ ಓಡಾಡೋ ಕೋರಿಡೋರಾಸ್ ಥರದ್ದು ಫೈಟರ್‌ಗೆ ಪರವಾಗಿಲ್ಲ.

ಪ್ರಶ್ನೆ ಕೇಳಿದವರು:
ಸರಿ ಸರ್ ಗಪ್ಪಿಗೇ ಒಪ್ಕೊಂಡ್ವಿ ಮನೇಲಿ, ಒಬ್ರು ಮಾತ್ರ ಗೋಲ್ಡ್ ಫಿಶ್ ಇಲ್ಲ ಅಂತ ಮುಖ ಊದಿಸ್ಕೊಂಡಿದಾರೆ. ಎಷ್ಟು ಬಿಡ್ಲಿ, ಜೊತೆಗೆ ಏನು ಬಿಡ್ಲಿ? ಸಕ್ಕರ್ ಇಲ್ಲಾಂದ್ರೆ ಕ್ಲೀನಿಂಗ್ ಯಾರು ಮಾಡ್ತಾರೆ?

ಉತ್ತರ:
ಕ್ಲೀನಿಂಗ್ ನೀವೇ ಮಾಡ್ಬೇಕು, ವಾರಕ್ಕೊಂದ್ಸಲ ಕಾಲು ಭಾಗ ನೀರು ತೆಗ್ದು, ಕ್ಲೋರಿನ್ ಹೋಗ್ಸಿದ ಹೊಸ ನೀರು ಹಾಕೋದು. ಹಿಕ್ಕೆ ತಿಂದು ಬದುಕೋ ಮೀನು ಯಾವ್ದೂ ಇಲ್ಲ. ಗಾಜಿನ ಮೇಲಿನ ಪಾಚಿಗೆ ನೆರೈಟ್ ಬಸವನಹುಳ ಎರಡು ಸಾಕು, ಗಡಸು ನೀರಲ್ಲಿ ಅದ್ರ ಚಿಪ್ಪು ಗಟ್ಟಿ ಇರುತ್ತೆ. ಅಲ್ಲಲ್ಲಿ ಬಿಳಿ ಚುಕ್ಕೆ ಥರ ಮೊಟ್ಟೆ ಅಂಟಿಸುತ್ತೆ ಅದೊಂದು ಕಿರಿಕಿರಿ, ಆದ್ರೆ ಸಿಹಿನೀರಲ್ಲಿ ಮರಿ ಬೆಳಿಯಲ್ಲ, ಹಾಗಾಗಿ ಟ್ಯಾಂಕ್ ತುಂಬ ಹುಳ ಆಗೋ ಭಯ ಇಲ್ಲ.

ಗಪ್ಪಿ ಬರೀ ಗಂಡು ತಗೊಳ್ಳಿ, ಏಳು. ಬಣ್ಣ ಇರೋದು ಗಂಡಿಗೇ. ಹೆಣ್ಣು ಸೇರಿಸಿದ್ರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಬೇಕು, ಇಲ್ಲಾಂದ್ರೆ ಗಂಡುಗಳು ಅಟ್ಟಾಡಿಸಿ ಹೆಣ್ಣು ಸುಸ್ತಾಗುತ್ತೆ, ಆಮೇಲೆ ಹೆಚ್ಚುಕಮ್ಮಿ ತಿಂಗಳಿಗೊಂದ್ಸಲ ಮರಿ. ಗಂಡನ್ನ ತೆಗೆದ್ರೂ ನಿಲ್ಲಲ್ಲ, ಒಂದ್ಸಲ ಕೂಡಿದ ಹೆಣ್ಣು ವೀರ್ಯ ಒಳಗೇ ಇಟ್ಕೊಂಡು ತಿಂಗಳುಗಟ್ಟಲೆ ಮರಿ ಹಾಕ್ತಾನೇ ಇರುತ್ತೆ. ಅಂಗಡೀಲಿ ಜೊತೆ ಅಂತ ಕೊಡೋಕೆ ಬಂದ್ರೆ ಹೊಟ್ಟೆ ಕೆಳಗಿನ ರೆಕ್ಕೆ ನೋಡಿ, ಗಂಡಿಗೆ ಕಡ್ಡಿ ಥರ ಸಪೂರ ಇರುತ್ತೆ, ಹೆಣ್ಣಿಗೆ ಬೀಸಣಿಗೆ ಥರ ಅಗಲ.

ಕೆಳಗಡೆಗೆ ಬ್ರಾಂಜ್ ಕೋರಿಡೋರಾಸ್ ಆರು. ನೀವು ಮರಳು ಹಾಕಿರೋದು ಇವಕ್ಕೆ ಸರಿಯಾಯ್ತು, ಮೂತಿ ಮರಳಲ್ಲಿ ಹೂತು ಜರಡಿ ಹಿಡಿದಂಗೆ ತಿನ್ನೋ ಮೀನು, ಚೂಪು ಕಲ್ಲಿದ್ರೆ ಮೀಸೆ ಸವೆಯುತ್ತೆ. ಮೇಲಿಂದ ಬಿದ್ದಿದ್ದು ತಿಂದ್ಕೊಂಡಿರ್ಲಿ ಅಂತ ಬಿಟ್ರೆ ಬಡವಾಗ್ತವೆ, ದೀಪ ಆರಿಸಿದ ಮೇಲೆ ಮುಳುಗೋ ಪೆಲೆಟ್ ಹಾಕಿ. ಆಗಾಗ ಸರ್ರಂತ ಮೇಲೆ ಹೋಗಿ ಗಾಳಿ ಗುಟುಕರಿಸಿ ಬರ್ತವೆ, ಗಾಬರಿ ಬೀಳ್ಬೇಡಿ, ಅದ್ರ ಅಭ್ಯಾಸ ಅದು. ಎಲ್ಲಾ ಸೇರಿ ಮೇಲೆ ಬಾಯಿ ಬಿಟ್ಕೊಂಡು ನಿಂತಿದ್ರೆ ಮಾತ್ರ ನೀರು ಟೆಸ್ಟ್ ಮಾಡಿ. ಹೀಟರ್ 25ಕ್ಕೆ ಇಟ್ರೆ ಎರಡಕ್ಕೂ ಆಗುತ್ತೆ.

ಎಲ್ಲಾ ಒಂದೇ ದಿನ ಬಿಡ್ಬೇಡಿ. ಮೊದ್ಲು ನಾಲ್ಕು ಗಪ್ಪಿ, ದಿನ ಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ನೋಡಿ, ನಿಮ್ಮ ಪಿಎಚ್‌ನಲ್ಲಿ ಅಮೋನಿಯಾದಲ್ಲಿ ವಿಷದ ರೂಪದ ಪಾಲು ಪಿಎಚ್ 7ರಲ್ಲಿ ಇರೋದಕ್ಕಿಂತ ಜಾಸ್ತಿ ಇರುತ್ತೆ. ಎರಡು ವಾರ ಸೊನ್ನೇಲಿ ನಿಂತ್ರೆ ಕೋರಿಡೋರಾಸ್ ಆರೂ ಒಟ್ಟಿಗೆ, ಗುಂಪು ಒಡೀಬೇಡಿ. ಮತ್ತೆರಡು ವಾರ ಬಿಟ್ಟು ಉಳಿದ ಗಪ್ಪಿ. ಒಂದು ಚಿಕ್ಕ ಟಬ್, ಇನ್ನೊಂದು ಸ್ಪಾಂಜ್ ಫಿಲ್ಟರ್ ಇದ್ರೆ ಹೊಸ ಮೀನನ್ನ ಎರಡು ಮೂರು ವಾರ ಅಲ್ಲಿಟ್ಟು ನೋಡಿ, ಉಪ್ಪಿನ ಕಾಳು ಥರ ಬಿಳಿ ಚುಕ್ಕೆ ಬಂದ್ರೆ ಅಲ್ಲೇ ಗೊತ್ತಾಗುತ್ತೆ. ಆ ಸ್ಪಾಂಜನ್ನ ಇವತ್ತಿಂದ್ಲೇ ಟ್ಯಾಂಕಲ್ಲಿ ಓಡಿಸ್ತಾ ಇಡಿ, ಅದ್ರಲ್ಲೂ ಬ್ಯಾಕ್ಟೀರಿಯಾ ಬೆಳೆದು ರೆಡಿ ಇರುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಕೊನೇದೊಂದು, ಮೂರನೇ ಜಾತಿಗೆ ಜಾಗ ಇದೆಯಾ? ಹನಿ ಗೌರಾಮಿ ಅಂತ ಯಾರೋ ಹೇಳಿದ್ರು.

ಉತ್ತರ:
ಸಾಧು ಮೀನೇ, ಸಾಮಾನ್ಯವಾಗಿ 5 ಸೆಂ.ಮೀ. ಆಸುಪಾಸು ಅಷ್ಟೆ, ಜಾಗದ ಸಮಸ್ಯೆ ಇಲ್ಲ. ಆದ್ರೆ ಅದು ಮೆತ್ತನೆ ನೀರು ಇಷ್ಟಪಡುತ್ತೆ, ಜೊತೆಗೆ ನಾಚಿಕೆ ಸ್ವಭಾವ, ಏಳು ಗಪ್ಪಿ ಊಟಕ್ಕೆ ನುಗ್ಗುವಾಗ ಅದು ಮೂಲೇಲಿ ನಿಂತ್ಬಿಡುತ್ತೆ. ಈಗ ಹೇಳಿದ ಮೀನುಗಳನ್ನ ಟ್ಯಾಂಕಿಗೆ ಬಿಟ್ಟ ಮೇಲೆ ಒಂದೆರಡು ತಿಂಗಳು ನೈಟ್ರೇಟ್ ನೋಡಿ, ವಾರದ ಕೊನೇಲೂ 40 ಒಳಗೇ ಇದ್ರೆ ಆಗ ಮತ್ತೆ ಕೇಳಿ, ಗೌರಾಮಿ ಬದಲು ಗಪ್ಪಿ ಥರ ಗಡಸು ನೀರಿಗೆ ಹೊಂದೋ ಪ್ಲಾಟಿ ಮೀನು ಒಂದೆರಡು ಸೇರಿಸೋದಾ ಏನು ಅಂತ ಯೋಚ್ನೆ ಮಾಡೋಣ.