ಕ್ಯಾಲಿಪ್ಸೊ ಲಯ ಗಿಟಾರ್‌ನಲ್ಲಿ ಕೂರುತ್ತಿಲ್ಲ, ಹೇಗೆ ಹಿಡಿಯುವುದು?

ತಂತಿ_ಹುಡುಕಾಟ:
ಟ್ರಿನಿಡಾಡ್‌ನ ಕ್ಯಾಲಿಪ್ಸೊ ಹಾಡುಗಳನ್ನು ಜಾಸ್ತಿ ಕೇಳುತ್ತಿದ್ದೇನೆ, ಅಲ್ಲಿನ ಗಾಯಕರಾದ ಮೈಟಿ ಸ್ಪ್ಯಾರೋ, ಲಾರ್ಡ್ ಕಿಚನರ್ ಎಲ್ಲ. ಕೇಳುವಾಗ ಮೈ ಕುಣಿಯುತ್ತದೆ, ಗಿಟಾರ್ ಹಿಡಿದರೆ ಸಪ್ಪೆ. ಎಣಿಸಿದರೆ ನಾಲ್ಕೇ ಎಣಿಕೆ. ಆದರೆ ಒತ್ತು ಒಂಚೂರು ಮೊದಲೇ ಬಂದು ಹೋಗಿರುತ್ತದೆ. ಸಿಂಕೊಪೇಷನ್ ಅಂದರೆ ಇದೇನಾ?

ಲಯಪ್ರಿಯ:
ಇದೇ. ಗಿಟಾರ್ ಪಕ್ಕಕ್ಕಿಟ್ಟು ಬಾಯಲ್ಲಿ ಹೇಳಿ: ತಕಿಟ ತಕಿಟ ತಕ. ಮೂರು, ಮೂರು, ಎರಡು, ಒಟ್ಟು ಎಂಟು, ಅಂದರೆ ನಿಮ್ಮ ನಾಲ್ಕರ ಒಂದೊಂದು ಎಣಿಕೆಗೆ ಎರಡು. ಪ್ರತಿ 'ತ'ಗೆ ಒತ್ತು ಕೊಡಿ, ಅಂದರೆ 1, 4, 7. ಕಾಲಲ್ಲಿ 1 ಮತ್ತು 5ಕ್ಕೆ ಮಾತ್ರ ತಟ್ಟಿ. ಎರಡನೇ 'ತ' 4ಕ್ಕೇ ಬಂದುಬಿಡುತ್ತದೆ, ಕಾಲು ನೆಲ ಮುಟ್ಟುವಾಗ ಬಾಯಲ್ಲಿ 'ಕಿ' ಇರುತ್ತದೆ. ಆಗ ಮುಂದಕ್ಕೆ ಎಳೆದ ಹಾಗಾಗುತ್ತದೆ ಅಲ್ವಾ, ಅದೇ ನೀವು ಹೇಳಿದ 'ಒಂಚೂರು ಮೊದಲು'. ಕಾಲು ಒತ್ತಿನ ಹಿಂದೆ ಓಡಲು ನೋಡುತ್ತದೆ, ಬಿಡಬೇಡಿ.

ಪ್ಯಾನ್_ಹುಚ್ಚು:
ಲೆಕ್ಕ ಸರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸ್ಟೀಲ್‌ಬ್ಯಾಂಡ್‌ನ (ಉಕ್ಕಿನ ಪೀಪಾಯಿ ವಾದ್ಯಗಳ ತಂಡದ) ತಾಳದವರನ್ನು ಟ್ರಿನಿಡಾಡ್‌ನಲ್ಲಿ 'ಎಂಜಿನ್ ರೂಮ್' ಅಂತಾರೆ: ಡ್ರಮ್ಸ್, ಕಾಂಗಾ (ಕೈಯಲ್ಲಿ ಬಾರಿಸುವ ಉದ್ದ ಡೋಲು), ಸ್ಕ್ರ್ಯಾಚರ್ (ಕಡ್ಡಿಯಿಂದ ಉಜ್ಜುವ ಲೋಹದ ವಾದ್ಯ), ಐರನ್. ಐರನ್ ಅಂದರೆ ಗಾಡಿಯ ಹಳೇ ಬ್ರೇಕ್ ಡ್ರಮ್, ಕಬ್ಬಿಣದ ಕಡ್ಡಿಯಿಂದ ಬಡಿಯುತ್ತಾರೆ. ಎಷ್ಟೇ ಗದ್ದಲವಿದ್ದರೂ ಅದರ ಸದ್ದು ಮೇಲೆ ಕೇಳುತ್ತದೆ, ಕಿವಿ ಮೊದಲು ಅಲ್ಲಿಡಿ. ಇದೆಲ್ಲ ಸುಮ್ನೆ ಹುಟ್ಟಿದ್ದಲ್ಲ. 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಅಲ್ಲಿನ ಬೀದಿ ಹಬ್ಬವಾದ ಕಾರ್ನಿವಲ್‌ನಲ್ಲಿ ಡೋಲು ಬಾರಿಸುವುದನ್ನು ತಡೆಯಿತು. ಜನ ಬಿದಿರಿನ ಕೊಳವೆ ನೆಲಕ್ಕೆ ಕುಟ್ಟಿ ಲಯ ಉಳಿಸಿಕೊಂಡರು, ಅದು ತಂಬೂ ಬಾಂಬೂ. ದಪ್ಪ ಕೊಳವೆ ಬಿಟ್ಟ ಜಾಗದಲ್ಲಿ ತೆಳು ಕೊಳವೆ ಮಾತಾಡುತ್ತದೆ. 1930ರ ದಶಕದಲ್ಲಿ ಡಬ್ಬ, ಬ್ರೇಕ್ ಡ್ರಮ್ ಬಂದವು, ಆಮೇಲೆ ಎಣ್ಣೆ ಪೀಪಾಯಿಯ ಸ್ಟೀಲ್‌ಪ್ಯಾನ್. ಹಾಗಾಗಿ ಒಂದೇ ವಾದ್ಯದಲ್ಲಿ ಈ ಲಯ ಪೂರ್ತಿ ಹುಡುಕಬೇಡಿ, ಹಲವರ ಪೆಟ್ಟು ಸೇರಿದರೇ ಅದು.

ತಂತಿ_ಹುಡುಕಾಟ:
ಬಾಯಲ್ಲಿ ಹೇಳಿದ ತಕ್ಷಣ ಗೊತ್ತಾಯಿತು! ಅಮೆರಿಕದ ಗಾಯಕ ಬೆಲಫಾಂಟೆಯ 'ಡೇ-ಓ' ಹಾಡಿನ ಜೊತೆ ಅಭ್ಯಾಸ ಮಾಡಬಹುದಾ?

ಲಯಪ್ರಿಯ:
ಅದು ಜಮೈಕಾದಲ್ಲಿ ಹಡಗಿಗೆ ಬಾಳೆಗೊನೆ ಹೊರುವವರ ಹಾಡು. 1956ರ ಆ ಆಲ್ಬಮ್‌ಗೆ 'ಕ್ಯಾಲಿಪ್ಸೊ' ಅಂತ ಹೆಸರಿಟ್ಟದ್ದರಿಂದ ಹೊರಗಿನವರ ಮನಸ್ಸಲ್ಲಿ ಅದೂ ಕ್ಯಾಲಿಪ್ಸೊ ಅಂತಲೇ ಉಳಿಯಿತು. ಚೆಂದದ ಹಾಡೇ, ಆದರೆ ನಿಮಗೆ ಬೇಕಾದ್ದು ಅದೇ ವರ್ಷ ಸ್ಪ್ಯಾರೋಗೆ ಕಾರ್ನಿವಲ್ ಸ್ಪರ್ಧೆಯ ಕ್ಯಾಲಿಪ್ಸೊ ಕಿಂಗ್ ಪಟ್ಟ ತಂದ 'ಜೀನ್ ಅಂಡ್ ಡೈನಾ'. ಗಿಟಾರ್‌ನಲ್ಲಿ ಬಲಗೈ ಎಂಟು ಎಣಿಕೆಗೂ ಕೆಳಗೆ ಮೇಲೆ ಆಡುತ್ತಲೇ ಇರಲಿ, ತಂತಿಗೆ ತಾಗುವುದು 1, 4, 7ಕ್ಕೆ ಮಾತ್ರ. 4 ಸಿಗುವುದು ಕೈ ಮೇಲೆ ಬರುವಾಗ. ಕೈ ನಿಲ್ಲಿಸಿದರೆ ಅದು ತಪ್ಪಿಹೋಗುತ್ತದೆ.