ಮೇಕೆ ಕಾಯಲು ಕಂಗಾಲ್ ನಾಯಿ: ಸಾಕಿದವರು, ನೋಡಿದವರು ಹೇಳಿ

ಪ್ರಶ್ನೆ, ಟೆಕ್ಸಸ್‌ನಿಂದ: ನಮ್ಮದು 10 ಎಕರೆ, 30 ಮೇಕೆ. ಈ ಚಳಿಗಾಲದಲ್ಲಿ ಕಯೋಟಿಗಳು (ತೋಳದಂಥ ಇಲ್ಲಿನ ಕಾಡುಪ್ರಾಣಿ) 4 ಮರಿ ಹೊತ್ತುಕೊಂಡು ಹೋದವು. ಟರ್ಕಿಯ ಕಂಗಾಲ್ ನಾಯಿ ಸಾಕಿ ಅಂತ ಪಕ್ಕದವರು ಹೇಳುತ್ತಿದ್ದಾರೆ. 6 ವರ್ಷದ ಮಗಳಿಗೂ ಆಡಲು ಒಂದು ನಾಯಿ ಆಯ್ತಲ್ಲ ಅಂತ ನಮ್ಮ ಲೆಕ್ಕ. ಸರಿಯಾ?

ಸಿವಾಸ್‌ನಲ್ಲಿ ಇದ್ದು ಬಂದವರು: ಮೊದಲಿಗೆ, ಹೆಸರು ಕೇಳಿ ಕಂಗಾಲಾಗಬೇಡಿ. ಅದು ಊರಿನ ಹೆಸರು, ಟರ್ಕಿಯ ಸಿವಾಸ್ ಪ್ರಾಂತ್ಯದಲ್ಲಿದೆ. ಕೆಲಸದ ಮೇಲೆ ಎರಡು ವರ್ಷ ಆ ಕಡೆ ಇದ್ದೆ. ಒಂದು ಬೆಳಿಗ್ಗೆ ಸುಮ್ನೆ ಫೋಟೋ ತೆಗೆಯೋಣ ಅಂತ ಕುರಿಮಂದೆಯ ಹತ್ತಿರ ಹೋದೆ. ಕಾಯುವವರು ಯಾರೂ ಕಾಣಲಿಲ್ಲ. ಕುರಿಗಳ ನಡುವಿಂದ ಒಂದು ನಾಯಿ ಎದ್ದು ಬಂತು. ಒಣಹುಲ್ಲಿನ ಬಣ್ಣದ ಮೈ, ಮಸಿ ಬಳಿದಂಥ ಮೂತಿ, ಕೊರಳಲ್ಲಿ ಕಬ್ಬಿಣದ ಮುಳ್ಳಿನ ಪಟ್ಟಿ. ಬೊಗಳಲೇ ಇಲ್ಲ. ನನಗೂ ಕುರಿಗೂ ನಡುವೆ ಬಂದು ನಿಂತಿತು. ನಾನು ಎಡಕ್ಕೆ ಸರಿದರೆ ಅದೂ ಸರಿಯಿತು. ನಾಲ್ಕು ಹೆಜ್ಜೆ ಹಿಂದೆ ಹೋದ ಮೇಲೆ ಅಲ್ಲೇ ಮಲಗಿತು, ಕಣ್ಣು ಮಾತ್ರ ನನ್ನ ಮೇಲೇ.

ಆಮೇಲೆ ಕುರಿಗಾಹಿ ಬಂದ. ಬಾರ್ಲಿ ಹಿಟ್ಟು ಕಲಸಿದ ಗಂಜಿ ತಂದು ಸುರಿದ. ಅದಕ್ಕೆ ಅಲ್ಲಿ 'ಯಾಲ್' ಅನ್ನುತ್ತಾರೆ. ತೋಳ ಮೊದಲು ಕುತ್ತಿಗೆಗೇ ಬಾಯಿ ಹಾಕುತ್ತದೆ, ಅದಕ್ಕೇ ಮುಳ್ಳಿನ ಪಟ್ಟಿ ಅಂದ. ಇದು ಮಂದೆ ಅಟ್ಟುವ ನಾಯಿ ಅಲ್ಲ, ಮಂದೆಯಲ್ಲೇ ಇರುವ ನಾಯಿ. ರಾತ್ರಿ ಏನು ಮಾಡಬೇಕು ಅಂತ ತಾನೇ ತೀರ್ಮಾನ ಮಾಡುತ್ತದೆ, ನೀವು ಕರೆದರೂ ಬರುವುದು ಅನುಮಾನ. ಎರಡು ತಿಂಗಳ ಮರಿ ತಂದು ಸೀದಾ ಮೇಕೆ ದೊಡ್ಡಿಗೇ ಬಿಡಿ. ಮಗಳ ಆಟಕ್ಕೆ ಬೇರೆ ನಾಯಿ ನೋಡಿ.

ನಮೀಬಿಯಾ ನೋಡಿ ಬಂದವರು: ಅಲ್ಲಿನ ಚೀತಾ ಸಂರಕ್ಷಣಾ ನಿಧಿಯವರು 1994ರಿಂದ ರೈತರಿಗೆ ಈ ಜಾತಿಯ ನಾಯಿಗಳನ್ನು ಕೊಡುತ್ತಿದ್ದಾರೆ. ನಾಯಿ ಅಡ್ಡ ನಿಂತು ಬೊಗಳಿದರೆ ಚೀತಾ ಸಾಮಾನ್ಯವಾಗಿ ಜಾಗ ಖಾಲಿ ಮಾಡುತ್ತದೆ. ಮೇಕೆಯೂ ಉಳಿಯಿತು, ರೈತ ಕೋವಿ ಎತ್ತುವುದೂ ತಪ್ಪಿತು. ಆದರೆ ಮೊದಲ ಒಂದೂವರೆ ವರ್ಷ ಹುಡುಗಾಟ ಜಾಸ್ತಿ. ಮೇಕೆಮರಿಯನ್ನೇ ಆಟಕ್ಕೆ ಅಟ್ಟಾಡಿಸುತ್ತದೆ. ಆಗ ಕಣ್ಣಿಟ್ಟಿರಬೇಕು.

ಕ್ಯಾಲಿಫೋರ್ನಿಯಾದಿಂದ: ನಮ್ಮ ಹತ್ತಿರ ಎರಡಿವೆ. ಗಂಡು 58 ಕೆಜಿ. ಒಂದು ಬೇಲಿ ಕಡೆ ಓಡಿದರೆ ಇನ್ನೊಂದು ಮೇಕೆ ಬಿಟ್ಟು ಕದಲುವುದಿಲ್ಲ, ಹಾಗಾಗಿ ಒಂದು ಸಾಲದು. ರಾತ್ರಿಯಿಡೀ ಬೊಗಳುತ್ತವೆ. ನೆರೆಯವರಿಗೆ ಮೊದಲೇ ಹೇಳಿಡಿ, ನಾವು ಹೇಳದೆ ಬೈಸಿಕೊಂಡೆವು. ಬೇಲಿ ಸಡಿಲ ಇದ್ದರೆ ಪಕ್ಕದ ಜಮೀನನ್ನೂ ತನ್ನದೇ ಅಂದುಕೊಳ್ಳುತ್ತವೆ! ಇನ್ನೊಂದು, ನೋಡಲು ಇದೇ ಥರ ಇರುವ ಅನಟೋಲಿಯನ್ ಶೆಫರ್ಡ್ ನಾಯಿ ತೋರಿಸಿ ಕಂಗಾಲ್ ಅನ್ನುವವರಿದ್ದಾರೆ. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ 1998ರಲ್ಲೇ ಕಂಗಾಲನ್ನು ಬೇರೆ ತಳಿ ಅಂತ ಒಪ್ಪಿದೆ. ಕಾಗದಪತ್ರ ಕೇಳಿ.

ಬೆಂಗಳೂರಿನಿಂದ: ಕಾನೂನೂ ನೋಡಿಕೊಳ್ಳಿ. ಡೆನ್ಮಾರ್ಕ್‌ನಲ್ಲಿ 2010ರಿಂದ ನಿಷೇಧ. ಇಲ್ಲಿ 2024ರ ಮಾರ್ಚ್‌ನಲ್ಲಿ ಕೇಂದ್ರದ ಸುತ್ತೋಲೆ 23 ತಳಿ ನಿಷೇಧಿಸಲು ಹೇಳಿತ್ತು, ಕಂಗಾಲ್ ಹೆಸರೂ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಮನೆ ಇನ್ಶೂರೆನ್ಸ್‌ನವರನ್ನು ಒಮ್ಮೆ ಕೇಳಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಬೇಲಿಯವರನ್ನು ಕರೆಸಿದ್ದೇನೆ. ಮಗಳು ಮಾತ್ರ ಮುನಿಸಿಕೊಂಡಿದ್ದಾಳೆ.